ಇಂದುಜಾಳ ಬದಲಿಗೆ ಬಾಲಾಜಿ

ನನ್ನ ಮಗಳ ಬದಲಿಗೆ ನನ್ನ ತೊಡೆಯ ಮೇಲೆ ಕೂರಲು ಒಬ್ಬ ಹುಡುಗನನ್ನು ಗೊತ್ತುಮಾಡಿದರು. ಹುಡುಗ ಚುರುಕಾಗಿದ್ದ. ಹೇಳಿದ ಮಾತು ಕೇಳುತ್ತಿದ್ದ. ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಅದಕ್ಕೇ ಅವನನ್ನು ಆರಿಸಿದ್ದರು.

ನನ್ನ ಮಗಳು ಇಂದುಜಾಳಿಗೆ ಹದಿಮೂರು ವರ್ಷ. ಆ ಹುಡುಗ ಬಾಲಾಜಿಗೆ ಎಂಟು. ಅವಳು ಹೆಣ್ಣು, ಇವನು ಗಂಡು. ಇದನ್ನು ನಾನು ಬಾಯಿಬಿಟ್ಟು ಹೇಳಿದೆ. ಧರ್ಮಪುರಿಯ ಟ್ರಸ್ಟಿನಿಂದ ಬಂದ ಪ್ರೇಮ್‌ಕುಮಾರ್ ಕೊರಳಿನ ಕಾರ್ಡನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಫೋಟೋದಲ್ಲಿ ಅದೆಲ್ಲಾ ತೆರಿಯಾದುಮ್ಮಾ. ಮೆಸೇಜ್ ಮುಖ್ಯ" ಎಂದ. ಕಾಣುವುದಿಲ್ಲವಂತೆ.

ನಾವು ಸೇಲಂನ ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಇಂದುಜಾಳಿಗೆ ಎರಡೂ ಬೇಕಿಲ್ಲ. ಅವಳಿಗೊಂದು ರಾಗ ಇದೆ. ಊಂ ಎಂದು ಮೂಗಿನಲ್ಲಿ ಎಳೆಯುತ್ತಾಳೆ. ಖುಷಿಯಾದರೆ ರಾಗ ಮೇಲೆ ಹೋಗುತ್ತದೆ. ಹೆದರಿದರೆ ನಿಲ್ಲುತ್ತದೆ, ಆಗ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುತ್ತಾಳೆ. ಅವಳಿಗೆ ಸ್ನಾನ ಮಾಡಿಸಬೇಕು. ಉಣ್ಣಿಸಬೇಕು. ತಿಂಗಳ ದಿನಗಳಲ್ಲಿ ಬಟ್ಟೆ ಬದಲಿಸಿ ತೊಳೆಯಬೇಕು. ಬೀದಿಗೆ ಓಡಿದರೆ ಹಿಂದೆ ಓಡಿ ಹಿಡಿಯಬೇಕು. ಅವಳು ಈಗ ನನ್ನಷ್ಟೇ ಎತ್ತರ, ನನಗಿಂತ ಗಟ್ಟಿ. ಎಳೆದಾಡಿ ನನ್ನ ಸೊಂಟ ಬಿದ್ದುಹೋಗಿದೆ. ಪಾಪ ಎನ್ನುವವರು ಬೇಕಾದಷ್ಟಿದ್ದಾರೆ. ನನಗೆ ಬೇಕಿದ್ದುದು ಇನ್ನೊಂದು ಜೊತೆ ಕೈ.

ನಮ್ಮ ನೇಯ್ಗೆಯಲ್ಲಿ ಪಾವು ಎಂದರೇನು ಎಂದು ಇಲ್ಲೇ ಹೇಳಿಬಿಡುತ್ತೇನೆ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನೆಲ್ಲ ಬೀದಿಯುದ್ದಕ್ಕೂ ಚಾಚಿ, ಎರಡೂ ತುದಿಯನ್ನು ಗೂಟಕ್ಕೆ ಬಿಗಿದು, ಗಂಜಿ ಬಳಿದು, ಕುಂಚದಲ್ಲಿ ಎಳೆದು ಬಿಸಿಲಿಗೆ ಒಣಗಿಸುತ್ತೇವೆ. ಅದೇ ಪಾವು. ನಡುನಡುವೆ ಕೋಲು ಕೊಟ್ಟು ಎತ್ತಿ ಹಿಡಿಯಲು ಜನ ಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಅದಕ್ಕೆ ನಮ್ಮ ಬೀದಿಯಲ್ಲಿ ಕರೆಯುವ ಪದ್ಧತಿಯೇ ಇಲ್ಲ. ಯಾರ ಮನೆ ಮುಂದೆ ಗೂಟ ನೆಟ್ಟಿದೆಯೋ ಅಲ್ಲಿಗೆ ಮನೆಗೊಬ್ಬರು ಹೋಗಿ ನಿಲ್ಲಬೇಕು. ಇವತ್ತು ನನ್ನ ಪಾವಿಗೆ ಕೈ ಹಾಕಿದವರ ಪಾವಿಗೆ ನಾನು ಹೋಗಬೇಕು. ಹಾಗೆ ಹೋದವಳನ್ನು ಯಾರೂ ಬೇಡ ಅನ್ನುವಂತಿಲ್ಲ. ಅಂದರೆ ಮುಖಕ್ಕೆ ಉಗಿದ ಹಾಗೆ.

ಪಾವು ಚಾಚಿದ ದಿನ ಇಂದುಜಾಳಿಗೆ ಹಬ್ಬ. ಅಂಗೈಯನ್ನು ನೂಲಿನ ಕೆಳಗೆ ಇಟ್ಟು, ನೂಲು ಸವರಿಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತಾಳೆ. ಕೈ ಕಚ್ಚುವುದಿಲ್ಲ, ಕಿರುಚುವುದಿಲ್ಲ. ರಾಗ ಮೇಲೆ ಮೇಲೆ ಹೋಗುತ್ತದೆ. ಇಡೀ ಸೇಲಂನಲ್ಲಿ ನನ್ನ ಮಗಳಿಗೆ ಒಪ್ಪಿಗೆಯಾದ ಜಾಗ ಅದೊಂದೇ.

ಒಂದು ಸಲ ಅವಳು ನಡೆಯುವಾಗ ನೂಲು ಹರಿಯಿತು. ನೂಲು ಹರಿಯುವುದೇನೂ ಹೊಸದಲ್ಲ. ನನ್ನ ಕೈಯಲ್ಲೂ ಹರಿಯುತ್ತದೆ, ಗಾಳಿಗೂ ಹರಿಯುತ್ತದೆ. ಆದರೆ ಬೀದಿ ಅವಳ ಕೈಯನ್ನು ನೋಡಿತು. ನೇಕಾರರ ಸೊಸೈಟಿ ಅಧ್ಯಕ್ಷರು ವಿಶ್ವನಾಥನ್, ನಮಗೆ ನೂಲು ಕೊಡುವವರು, ಬೀದಿಗೆ ಹಿರಿಯರು. "ಮಗೀನ ಒಳಗಿಟ್ಕೋಮ್ಮಾ" ಎಂದರು. ಇಟ್ಟೆ. ಮುಂದಿನ ಪಾವಿನಲ್ಲೂ ಹರಿಯಿತು. ಕಿಟಕಿಯಿಂದ ನೋಡಿದಳು ಎಂದರು. ಕಿಟಕಿ ಮುಚ್ಚಿದೆ. ಮತ್ತೆ ಹರಿಯಿತು. ಒಳಗಿಂದ ರಾಗ ಎಳೆದಳು, ಅದು ತಾಗಿತು ಎಂದರು. ರಾಗಕ್ಕೆ ಚಿಲಕ ಹಾಕುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಇನ್ನೊಂದು ದಿನ ಅವಳನ್ನು ಧರ್ಮಪುರಿಗೆ ಕರೆದುಕೊಂಡು ಹೋಗಿದ್ದೆ. ಆವತ್ತೂ ನಮ್ಮ ಬೀದಿಯಲ್ಲಿ ನೂಲು ಹರಿಯಿತಂತೆ. ಸಾಯಂಕಾಲ ಬಸ್ಸಿಳಿದು ಬಂದರೆ ಅಧ್ಯಕ್ಷರ ಸೊಸೆ ಮೇನಕಾ ಜಗಲಿಯ ಮೇಲೆ ಕಾದಿದ್ದಳು. "ಅಲ್ಲಿಂದ್ಲೇ ನೆನೆಸ್ಕೊಂಡವ್ಳೆ ಕಣಕ್ಕಾ" ಎಂದಳು.

ಆಮೇಲೆ ನನ್ನ ಪಾವಿಗೆ ಯಾರೂ ಬರಲಿಲ್ಲ. ಗೂಟ ನೆಟ್ಟು ಕಾದೆ. ಬಾಗಿಲುಗಳು ತೆರೆದವು, ನೀರು ಚೆಲ್ಲಿದರು, ರಂಗೋಲಿ ಹಾಕಿದರು, ಮುಚ್ಚಿಕೊಂಡರು. ನಾನು ಮತ್ತು ಗಂಡ ಕುಪ್ಪುಸ್ವಾಮಿ ಇಬ್ಬರೇ ಹಿಡಿಯಲು ಹೋದೆವು. ನಡುವೆ ಜೋತುಬಿದ್ದು, ಹಸಿ ಗಂಜಿಗೆ ಬೀದಿಯ ಮಣ್ಣು ಮೆತ್ತಿಕೊಂಡು ಇಡೀ ಪಾವು ಹಾಳಾಯಿತು. ಮಗ್ಗ ಖಾಲಿಯಾಯಿತು. ಕುಪ್ಪುಸ್ವಾಮಿ ಪವರ್‌ಲೂಮಿಗೆ ಕೂಲಿಗೆ ಹೋದರು. ಸಂಜೆ ಬಂದರೆ ಅವರಿಗೆ ಕಿವಿ ಕೇಳುತ್ತಿರಲಿಲ್ಲ, ನನಗೆ ಮಾತು ಬರುತ್ತಿರಲಿಲ್ಲ.

ಧರ್ಮಪುರಿಗೆ ಹೋಗಿದ್ದು ಟ್ರಸ್ಟಿನವರ ಕೂಟಕ್ಕೆ. ಇಂಥ ಮಕ್ಕಳ ತಾಯಿತಂದೆಗೆ ಬೆಂಬಲ ಕೊಡುವ ಕೂಟ. ಎರಡು ಬಸ್ಸು ಹಿಡಿದು, ಒಂದರಲ್ಲಿ ವಾಂತಿ ಒರೆಸಿ, ಇನ್ನೊಂದರಲ್ಲಿ ಕಂಡಕ್ಟರಿನಿಂದ ಬೈಸಿಕೊಂಡು ಹೋದೆ. ಬಾಗಿಲಲ್ಲೇ ಪ್ರೇಮ್‌ಕುಮಾರ್ ತಡೆದ. ಮಕ್ಕಳನ್ನು ಒಳಗೆ ಬಿಡುವುದಿಲ್ಲವಂತೆ. ಪೋಷಕರ ಮನಸ್ಸಿಗೆ ವಿಶ್ರಾಂತಿ ಸಿಗಬೇಕಂತೆ. ಹಾಗಾದರೆ ಮಗಳನ್ನು ಎಲ್ಲಿ ಬಿಡಲಿ ಎಂದು ಕೇಳಿದೆ. "ಅದನ್ನೇ ಒಳಗೆ ಡಿಸ್ಕಸ್ ಪಣ್ಣುವೋಮ್ಮಾ" ಎಂದ.

ಹಾಗಾಗಿ ಟ್ರಸ್ಟಿನವರು ಫ್ಯಾನಿನ ಕೆಳಗೆ ನಮಗಾಗಿ ಕಾದು ಕೂತರು. ನಾವು ತಾಯಂದಿರು ಹೊರಗೆ ಬಿಸಿಲಲ್ಲಿ ಮಕ್ಕಳನ್ನು ಹಿಡಿದು ನಿಂತೆವು. ಒಳಗಿಂದ ಮೈಕಿನಲ್ಲಿ ನಮಗೆ ಧೈರ್ಯ ಹೇಳುವುದು ಕೇಳಿಸುತ್ತಿತ್ತು. ನನ್ನ ಪಕ್ಕದಲ್ಲಿ ಕಾರಿಮಂಗಲಂ ಕಡೆಯ ಕುರಿ ಸಾಕುವ ಹೆಂಗಸು ಮಾರಕ್ಕ ಇದ್ದಳು. ಮಗನ ಸೊಂಟಕ್ಕೂ ತನ್ನ ಸೊಂಟಕ್ಕೂ ಒಂದೇ ಹಗ್ಗ ಬಿಗಿದಿದ್ದಳು. ಯಾರೋ ಹೋಗುವವರು, ಮಗುವನ್ನು ಹೀಗೆ ಕಟ್ಟುತ್ತಾರೇನಮ್ಮಾ ಎಂದರು.

"ನೀನು ಇಡ್ಕೋತೀಯಾ ಈ ತುದಿಯಾ? ಬಾ, ಇಡ್ಕೋ" ಎಂದು ಮಾರಕ್ಕ ಹಗ್ಗ ಚಾಚಿದಳು. ಅವರು ಬೇಗ ಬೇಗ ನಡೆದುಹೋದರು. "ನೋಡ್ದಾ ತಾಯಿ? ಎಲ್ರೂ ಬುದ್ಧಿ ಏಳ್ತಾರೆ. ಅಗ್ಗ ಇಡಿಯಾಕೆ ಒಬ್ರೂ ಬರಾಕಿಲ್ಲ" ಎಂದು ನನಗೆ ಹೇಳಿ, ಸೆರಗಿನಲ್ಲಿದ್ದ ಕಡಲೆಕಾಯಿಯನ್ನು ಇಂದುಜಾಳಿಗೆ ಸುಲಿದು ಕೊಟ್ಟಳು. ಆವತ್ತು ನನಗೆ ಸಿಕ್ಕ ಬೆಂಬಲ ಅದು.

ಟ್ರಸ್ಟಿಗೆ ಕೊನೆಗೆ ಅರ್ಥವಾಯಿತು, ಕೂಟಕ್ಕೆ ಪೋಷಕರೇ ಬರುತ್ತಿಲ್ಲ ಎಂದು. ತಾವೇ ಬೀದಿಗೆ ಬರುತ್ತೇವೆ ಎಂದರು. ಸಮುದಾಯವೇ ತಾಯಿಯ ಜೊತೆ ನಿಂತಿರುವ ಒಂದು ಬೀದಿ ಬೇಕಾಗಿತ್ತು ಅವರಿಗೆ. ಚೆನ್ನೈಯಿಂದ ದೊಡ್ಡ ಮೇಡಂ ಬಂದು ನೋಡುತ್ತಾರಂತೆ. ಪ್ರೇಮ್‌ಕುಮಾರ್ ನೇರ ಅಧ್ಯಕ್ಷರ ಮನೆಗೆ ಹೋದ. ಜಗಲಿಯ ಮೇಲೆ ಕಾಫಿ ಕುಡಿದ. ಇಡೀ ಬೀದಿ ಸೇರಿ ಪಾವು ಹಿಡಿಯುವ ಪದ್ಧತಿಯನ್ನು ಕೇಳಿ ಕುಣಿದಾಡಿದ. "ಸಾರ್, ಇದುದಾನ್ ಸಾರ್ ಕಮ್ಯುನಿಟಿ ಸಪೋರ್ಟ್!" ಎಂದ. ಹೌದು ಹೌದು ಎಂದು ಅಧ್ಯಕ್ಷರು ತಲೆಯಾಡಿಸಿದರು.

ಅವತ್ತೇ ಅಧ್ಯಕ್ಷರು ನಮ್ಮ ಮನೆ ಮುಂದೆ ಬಂದು ನಿಂತರು. ಒಳಗೆ ಬರಲಿಲ್ಲ.

"ರಾಜಾತಿ, ನಿನ್ ಪಾವ್ಗೆ ಬೀದಿ ಎಲ್ಲಾ ಕೈ ಆಕ್ತೈತೆ. ಮೇಡಂ ಬಂದು ನೋಡ್ತಾರೆ. ಶಾಲು ಆಕ್ತಾರೆ ನಿಂಗೆ" ಎಂದರು.

"ಸರಿ ಅಣ್ಣಾ" ಎಂದೆ.

"ಆದ್ರೆ ಮಗ್ಳು ಒಳಗಿರ್ಬೇಕು. ಚಿಲ್ಕ ಆಕಿ. ನೂಲು ಅರೀಬಾರ್ದು, ಸದ್ದು ಆಗ್ಬಾರ್ದು. ಒಪ್ಕೊಂಡ್ರೆ ಇನ್ಮೇಲೆ ಎಲ್ಲಾ ಪಾವ್ಗೂ ಜನ ಬತ್ತಾರೆ."

"ಅವ್ಳ ಹೆಸ್ರಲ್ಲಿ ಅಲ್ವಾ ಅಣ್ಣಾ ಫಂಕ್ಷನ್ನು?"

"ಅದ್ಕೇ ಏಳ್ತಿರೋದು, ಅವ್ಳು ಬಂದ್ರೆ ಫಂಕ್ಷನ್ನು ಕೆಟ್ಟೋಗ್ತೈತೆ."

ಕುಪ್ಪುಸ್ವಾಮಿ ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ಖಾಲಿ ಮಗ್ಗ ಇತ್ತು. "ಒಂದೊತ್ತು ತಾನೇ ರಾಜಾತಿ, ತಡ್ಕೋ" ಎಂದರು. ಒಪ್ಪಿಕೊಂಡೆ. ಮಗ್ಗ ಮತ್ತೆ ನಡೆಯಲಿ ಎಂದು ಒಪ್ಪಿಕೊಂಡೆ.

ಮೇಡಂ ಬರುವ ದಿನ ಬೆಳಕು ಹರಿಯುವ ಮೊದಲೇ ಬೀದಿ ತುಂಬಿತು. ಬಾಗಿಲು ಹಾಕಿಕೊಂಡಿದ್ದವರೆಲ್ಲ ಇಸ್ತ್ರಿ ಬಟ್ಟೆ ಉಟ್ಟು, ಹೂ ಮುಡಿದು ಬಂದರು. ನನ್ನ ನೂಲನ್ನು ಮದುವೆ ಮನೆಯ ಕೆಲಸದಂತೆ ಹಂಚಿಕೊಂಡರು. ಪಾವು ಚಾಚಿದರು, ಗಂಜಿ ಬಳಿದರು, ಕೋಲು ಹಿಡಿದು ನಿಂತರು. ಅಧ್ಯಕ್ಷರ ಮನೆ ಮುಂದೆ ಅವರ ಮರುದಿನದ ಪಾವಿಗೂ ಗೂಟ ನೆಟ್ಟಾಗಿತ್ತು. ಪ್ರೇಮ್‌ಕುಮಾರ್ ಅವರ ನಡುವೆ ಓಡಾಡಿ, ನಗಿ ನಗಿ, ಹಲ್ಲು ಕಾಣಲಿ ಎನ್ನುತ್ತಿದ್ದ. ಬೀದಿಯ ಕೊನೆಗೆ ಬ್ಯಾನರ್ ಕಟ್ಟಿದ್ದರು. ನೀವು ಒಂಟಿಯಲ್ಲ ಎಂದು ತಮಿಳಿನಲ್ಲಿ ಬರೆದಿತ್ತು. ಕೆಳಗೆ ಚಿನ್ನದ ಬಣ್ಣದ ಕೂದಲಿನ ಒಬ್ಬ ಬಿಳಿ ಹೆಂಗಸು, ಅವಳ ಬಿಳಿ ಮಗು. ಅವರಿಬ್ಬರೂ ನಗುತ್ತಿದ್ದರು.

ಇಂದುಜಾಳಿಗೆ ಗಂಜಿಯ ವಾಸನೆ ಬಂದಿತ್ತು. ಅವಳು ಬಾಗಿಲ ಹತ್ತಿರ ಬಂದು ನಿಂತಿದ್ದಳು. ಅಂಗೈ ಮೇಲೆ ಮಾಡಿಕೊಂಡೇ ನಿಂತಿದ್ದಳು. ನಾನು ಅವಳನ್ನು ಒಳಗೆ ತಳ್ಳಿ ಚಿಲಕ ಹಾಕಿದೆ. ಹೆತ್ತ ಕೈ ಅದು.

ಆಮೇಲೆ ಒಂದು ಸಮಸ್ಯೆ ಎದ್ದಿತು. ಫೋಟೋದಲ್ಲಿ ಮಗು ಬೇಕು. ಮಗು ಇಲ್ಲದೆ ಬೆಂಬಲ ಯಾರಿಗೆ ಎಂದು ಜನ ಕೇಳುವುದಿಲ್ಲವೇ? ಮಗುವನ್ನು ಹೊರಗೆ ತಂದರೆ ಬೀದಿಯವರು ಕೋಲು ಬಿಡುತ್ತಾರೆ. ಪ್ರೇಮ್‌ಕುಮಾರ್ ಉಗುರು ಕಚ್ಚಿದ. ಅಧ್ಯಕ್ಷರು ಮೀಸೆ ತಿರುವಿದರು. ಕೊನೆಗೆ ತಮ್ಮ ಮೊಮ್ಮಗನನ್ನೇ ಕರೆದರು. ಮೇನಕಾಳ ಮಗ ಬಾಲಾಜಿ. ಶಾಲೆಯ ನಾಟಕದಲ್ಲಿ ಮರವಾಗಿ ನಿಂತು ಬಹುಮಾನ ತೆಗೆದುಕೊಂಡವನು.

ನನ್ನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಅವನನ್ನು ತೊಡೆಯ ಮೇಲೆ ಇಟ್ಟರು.

"ತಲೆ ಆಡ್ಸುಲಾ. ಅಂಗಲ್ಲ, ಸೈಡಾಗಿ" ಎಂದರು ಅಧ್ಯಕ್ಷರು. "ಬಾಯಿ ತೆಗಿ. ಜೊಲ್ಲು ಬುಡು."

"ಬರ್ತಾ ಇಲ್ಲ ತಾತಾ."

ಪ್ರೇಮ್‌ಕುಮಾರ್ ಬಾಟಲಿಯಿಂದ ಸ್ವಲ್ಪ ನೀರು ಹುಡುಗನ ಗಲ್ಲದ ಮೇಲೆ ಸುರಿದ. ನನ್ನ ಸೀರೆ ನೆನೆಯಿತು. ಹುಡುಗ ಕಣ್ಣು ಮೇಲೆ ಮಾಡಿ, ಬೆರಳು ಸೊಟ್ಟ ಮಾಡಿ, ಊಂ ಎಂದ. ನನ್ನ ಮಗಳ ರಾಗ. ಬೀದಿ ಗೊಳ್ಳೆಂದು ನಕ್ಕಿತು. ಕೋಲು ಹಿಡಿದವರು ನಕ್ಕ ರಭಸಕ್ಕೆ ಪಾವು ಅಲುಗಾಡಿತು. ಮೇನಕಾ ಮಾತ್ರ ನಗಲಿಲ್ಲ. ಓಡಿ ಬಂದು ಮಗನ ಕೈಗೆ ಕಪ್ಪು ದಾರ ಕಟ್ಟಿದಳು. ಒಂದು ನಿಂಬೆಹಣ್ಣನ್ನು ಅವನ ಚಡ್ಡಿ ಜೇಬಿಗೆ ತುರುಕಿದಳು. "ಆಟಕ್ಕೆ ಮಾಡು ಕಣ್ಲಾ. ನಿಜ್ವಾಗ್ಲೂ ಅಂಟಿಸ್ಕೋಬ್ಯಾಡ" ಎಂದಳು. ನಾನು ಅಲ್ಲೇ, ಅವಳ ಮೂಗಿನ ಕೆಳಗೇ ಕೂತಿದ್ದೆ.

ನನಗೆ ಎದ್ದು ಅವಳ ಜುಟ್ಟು ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಪಾವಿನ ಕಡೆ ನೋಡಿದೆ. ಗಂಜಿ ಹಸಿಯಾಗಿತ್ತು. ಒಣಗುವ ತನಕ ಸುತ್ತುವಂತಿಲ್ಲ, ಕೋಲು ಬಿಡುವಂತಿಲ್ಲ. ಇನ್ನು ಸ್ವಲ್ಪ ಹೊತ್ತು ಎಂದು ಹಲ್ಲು ಕಚ್ಚಿದೆ.

ಕಾರು ಬಂತು. ಮೇಡಂ ಇಳಿದರು. ತಂಪು ಕನ್ನಡಕ, ಕೈಮಗ್ಗದ ಸೀರೆ. ಹೂವಿನ ಹಾರ ಹಾಕಿಸಿಕೊಂಡು, ಕುಂಚ ತೆಗೆದುಕೊಂಡು ನನ್ನ ಪಾವಿನ ಮೇಲೆ ಒಂದು ಸಲ ಎಳೆದರು. ಪ್ರೇಮ್‌ಕುಮಾರ್ ಚಪ್ಪಾಳೆ ಹೊಡೆದ. ಮೇಡಂ ನನ್ನ ಹತ್ತಿರ ಬಂದು ಬಾಲಾಜಿಯ ತಲೆ ಸವರಿದರು. ಅವನು ಚೆನ್ನಾಗಿ ಮಾಡಿದ. ಮೇಡಂ ಕಣ್ಣು ಒರೆಸಿಕೊಂಡರು. ನನ್ನ ಹೆಗಲಿಗೆ ಪಾಲಿಯೆಸ್ಟರಿನ ಶಾಲು ಹೊದಿಸಿದರು. ಕೈಮಗ್ಗದ ಬೀದಿಯಲ್ಲಿ ನನಗೆ ಮಿಲ್ಲಿನ ಶಾಲು.

ಆಗ ಸದ್ದು ಶುರುವಾಯಿತು.

ನಮ್ಮ ಮನೆಯ ಒಳಗಿಂದ. ದಡ್. ಸ್ವಲ್ಪ ಬಿಟ್ಟು, ದಡ್. ನನಗೆ ಆ ಸದ್ದು ಗೊತ್ತು. ಅವಳು ಹಣೆಯನ್ನು ಬಾಗಿಲಿಗೆ ಬಡಿಯುವ ಸದ್ದು. ದಡ್. ದಡ್. ಕೋಲು ಹಿಡಿದವರೆಲ್ಲ ನೆಲ ನೋಡಿದರು. ಅವರಿಗೂ ಗೊತ್ತು.

ಮೇಡಂ ತಲೆ ಎತ್ತಿ, ಅದೇನು ಸದ್ದು ಎಂದು ತಮಿಳಿನಲ್ಲಿ ಕೇಳಿದರು.

ಅಧ್ಯಕ್ಷರು, "ತರಿ ಮೇಡಂ. ಕೈತ್ತರಿ" ಎಂದರು. ಮಗ್ಗ, ಕೈಮಗ್ಗ ಎಂದು.

ನಮ್ಮ ಮಗ್ಗ ಬರಿದಾಗಿ ತಿಂಗಳುಗಳಾಗಿತ್ತು.

ಮೇಡಂ ಮುಖ ಅರಳಿತು. ಆಹಾ, ಎಂಥಾ ಲಯ ಎಂದರು. ಬ್ಯಾಗಿನಿಂದ ಮೊಬೈಲು ತೆಗೆದರು. ಎಲ್ಲರೂ ಸುಮ್ಮನಿರಿ ಎಂದು ಸನ್ನೆ ಮಾಡಿ, ನಮ್ಮ ಬಾಗಿಲಿನ ಹತ್ತಿರ ಹೋಗಿ ಮೊಬೈಲು ಹಿಡಿದರು. ದಡ್. ದಡ್. ಮೇಡಂ ಕಣ್ಣು ಮುಚ್ಚಿ ತಲೆದೂಗಿದರು. ಕೈಯಲ್ಲಿ ತಾಳ ಹಾಕಿದರು. ನನ್ನ ಮಗಳ ಹಣೆಗೆ ತಾಳ ಹಾಕಿದರು.

ನಾನು ಎದ್ದೆ. ಬಾಲಾಜಿ ಜಾರಿ ಕೆಳಗೆ ಬಿದ್ದ. ಶಾಲು ಅವನ ಮೇಲೆ ಬಿತ್ತು.

"ಏಯ್, ಕೂತ್ಕೋ! ಫೋಟೋ ಇನ್ನೂ ಆಗಿಲ್ಲ!" ಎಂದರು ಅಧ್ಯಕ್ಷರು. ನಾನು ನಿಲ್ಲಲಿಲ್ಲ. ಮೇಡಂನ ಕೈಯನ್ನು ಪಕ್ಕಕ್ಕೆ ಸರಿಸಿ ಚಿಲಕ ತೆಗೆದೆ. ಇಂದುಜಾ ಹೊಸಿಲ ಮೇಲೆ ನಿಂತಿದ್ದಳು. ಹಣೆ ಊದಿತ್ತು. ಮುಂಗೈಯಲ್ಲಿ ಹಲ್ಲಿನ ಗುರುತು, ರಕ್ತ.

"ಇದೇ ಮೇಡಂ ಆ ಮಗ್ಗ" ಎಂದೆ. ಅವರಿಗೆ ತಿಳಿಯಲಿ ಎಂದು ತಮಿಳಿನಲ್ಲೇ ಹೇಳಿದೆ.

ಮೇಡಂ ಇಂದುಜಾಳನ್ನು ನೋಡಿದರು. ನೆಲದ ಮೇಲಿದ್ದ ಬಾಲಾಜಿಯನ್ನು ನೋಡಿದರು. ಅವನು ಬಿದ್ದಲ್ಲೇ ತಲೆ ಆಡಿಸುತ್ತಿದ್ದ. "ಹಂಗಾದ್ರೆ ಇವನು?" ಎಂಬಂತೆ ಪ್ರೇಮ್‌ಕುಮಾರನ ಕಡೆ ತಿರುಗಿದರು. ಪ್ರೇಮ್‌ಕುಮಾರ್, "ಬ್ಯಾಕಪ್ ಮೇಡಂ" ಎಂದ.

"ಎದ್ದೇಳ್ಲಾ ಬಾಲಾಜಿ! ಸಾಕು, ನಿಲ್ಸುಲಾ!" ಎಂದು ಮೇನಕಾ ಕಿರುಚಿದಳು.

"ಫೋಟೋ ಆಗಿಲ್ವಲ್ಲಮ್ಮಾ" ಎಂದ ಹುಡುಗ.

ಇಂದುಜಾ ಯಾರನ್ನೂ ನೋಡಲಿಲ್ಲ. ನೇರ ಪಾವಿನ ಕಡೆ ಹೊರಟಳು. ಅವಳು ಹತ್ತಿರ ಬಂದ ಹಾಗೆ ಜನ ಕೋಲು ಬಿಟ್ಟು ಹಿಂದೆ ಸರಿದರು. ಒಬ್ಬರಾದ ಮೇಲೆ ಒಬ್ಬರು. ಹೂ ಮುಡಿದವರು, ಇಸ್ತ್ರಿ ಅಂಗಿಯವರು. ಗಂಜಿ ಕುಡಿದು ಭಾರವಾಗಿದ್ದ ನೂಲು ನಡುವೆ ಜೋತುಬಿತ್ತು. ಕುಪ್ಪುಸ್ವಾಮಿ ತುದಿಯಿಂದ ಓಡಿ ಬಂದರು. ಎರಡು ಕೋಲನ್ನು ಎರಡು ಹೆಗಲ ಮೇಲೆ ಹೊತ್ತು ನಿಂತರು. ಗಂಜಿ ಅವರ ಕಿವಿಯ ಮೇಲೆ ಹರಿಯಿತು. ನಾನು ಇನ್ನೊಂದು ಕಡೆ ಬೆನ್ನು ಕೊಟ್ಟೆ. ಸೊಂಟ ಕತ್ತರಿಸಿದಂತಾಯಿತು. ಪಾವು ನೆಲ ಮುಟ್ಟದೆ ತೂಗಾಡಿತು.

"ಒಳಗೆ ತಳ್ಳು ಅವ್ಳ!" ಅಧ್ಯಕ್ಷರು ನನ್ನ ಮುಖದ ಹತ್ತಿರ ಬಂದು ಕೂಗಿದರು. "ಈಗ್ಲೇ ತಳ್ಳಿ ಚಿಲ್ಕ ಆಕು. ಇಲ್ಲಾಂದ್ರೆ ಒಬ್ನೂ ಕೋಲು ಮುಟ್ಟಾಕಿಲ್ಲ. ಪಾವು ಮಣ್ಣಾಗ್ತೈತೆ!"

"ಮಣ್ಣಾಗ್ಲಿ" ಎಂದೆ.

"ಏನಂದೆ?"

"ಪಾವು ಮಣ್ಣಾಗ್ಲಿ ಅಣ್ಣಾ. ಮಗ್ಗ ಮುರಿದು ಒಲೆಗಿಕ್ತೀನಿ. ಇನ್ಮೇಲೆ ನನ್ ಮಗ್ಳಿಗೆ ಚಿಲ್ಕ ಆಕಾಕಿಲ್ಲ. ಪಾವ್ಗೂ ಇಲ್ಲ, ಫಂಕ್ಷನ್ಗೂ ಇಲ್ಲ, ನಿಮ್ಗೂ ಇಲ್ಲ."

ಇಂದುಜಾ ಅಂಗೈಯನ್ನು ನೂಲಿನ ಕೆಳಗೆ ಇಟ್ಟಳು. ನಡೆಯತೊಡಗಿದಳು. ರಾಗ ಬಂತು. ಮೇಡಂನ ಕಾರು ಪಾವಿನ ಆಚೆ ಕಡೆ ಇತ್ತು. ಅವರು ಬಗ್ಗಿ, ನಮ್ಮ ನೂಲಿನ ಕೆಳಗೆ ನುಸುಳಿ ಆಚೆ ಎದ್ದರು. ತಂಪು ಕನ್ನಡಕದ ಮೇಲೆ ಗಂಜಿ ಇಳಿಯುತ್ತಿತ್ತು. ಕಾರ್ಯಕ್ರಮ ನಿಲ್ಲಿಸಬೇಕೋ ಬೇಡವೋ ತಿಳಿಯದೆ ಪ್ರೇಮ್‌ಕುಮಾರ್ ಮೈಕು ಹಿಡಿದು, ಸಮುದಾಯದ ಬೆಂಬಲದ ಬಗ್ಗೆ ಈಗ ಅಧ್ಯಕ್ಷರು ವಿಶ್ವನಾಥನ್ ಮಾತನಾಡುತ್ತಾರೆ ಎಂದು ಕರೆದ.

ಅಷ್ಟರಲ್ಲಿ ನೂಲು ಹರಿಯಿತು. ಇಂದುಜಾಳ ಕೈಯಲ್ಲೇ ಹರಿಯಿತು. ನಾನು ಸುಳ್ಳು ಹೇಳುವುದಿಲ್ಲ. ನನ್ನ ಕಣ್ಣಾರೆ ನೋಡಿದೆ.

"ನೋಡಿದ್ರೇನ್ಲಾ!" ಅಧ್ಯಕ್ಷರು ಬೀದಿಗೆಲ್ಲ ಕೇಳುವಂತೆ ಕೂಗಿದರು. ಅವರ ದನಿಯಲ್ಲಿ ಸಂತೋಷವಿತ್ತು. "ಅರೀತು! ಎಲ್ರೂ ನೋಡಿದ್ರಲ್ಲಾ, ಅವ್ಳೇ ಅರಿದ್ಲು!"

"ಊಂ, ಅರೀತು. ಗಂಟಾಕಿ ಅಣ್ಣಾ" ಎಂದೆ.

ನಮ್ಮಲ್ಲಿ ಬೀದಿಯ ಪಾವಿನಲ್ಲಿ ನೂಲು ಹರಿದರೆ, ಹತ್ತಿರ ಇದ್ದವರೇ ಗಂಟು ಹಾಕಬೇಕು. ಯಾರ ಪಾವು ಎಂದು ಕೇಳುವಂತಿಲ್ಲ. ಹಸಿ ಎಳೆ ಜಾರಿ ಬೇರೆ ಎಳೆಗಳೊಳಗೆ ಸೇರಿಬಿಟ್ಟರೆ ಮತ್ತೆ ಸಿಗುವುದಿಲ್ಲ. ಹರಿದ ನೂಲಿಗೆ ಹತ್ತಿರ ಇದ್ದವರು ಅಧ್ಯಕ್ಷರೇ. ಅಂಬೆಗಾಲಿಡುವ ಮೊದಲೇ ನೂಲು ಹಿಡಿದ ಕೈ ಅವರದು. ಅವರು ಇನ್ನೂ ಕೂಗುತ್ತಲೇ ಇದ್ದರು, ಬೆರಳುಗಳು ಆಗಲೇ ನೂಲಿನೊಳಗೆ ಹೋಗಿದ್ದವು. ಎರಡು ತುದಿ ಹಿಡಿದವು. ನೆನೆದ ನೂಲಿಗೆ ಗಂಟು ಬೀಳಲಿಲ್ಲ. ಮತ್ತೆ ಹಾಕಿದರು. ಬಾಯಿ ನನ್ನ ವಂಶವನ್ನೆಲ್ಲ ಬೈಯುತ್ತಿತ್ತು, ಬೆರಳು ನನ್ನ ಪಾವಿಗೆ ಗಂಟು ಹಾಕುತ್ತಿತ್ತು. ಬಿಳಿ ಅಂಗಿಯ ತೋಳೆಲ್ಲ ಗಂಜಿ.

ಮೈಕಿನಲ್ಲಿ ಮತ್ತೆ ಅವರ ಹೆಸರು ಕರೆದರು. "ಇರ್ಲಾ! ನೂಲು ಕೈಯಲ್ಲೈತೆ!" ಎಂದು ಗದರಿದರು.

ಪಾವು ಅವರ ಮೈಮೇಲೆ ಇಳಿಯುತ್ತಿತ್ತು. ಮೇನಕಾ ಅಯ್ಯೋ ಮಾವಾ ಎಂದು ಓಡಿ ಬಂದು ಕೋಲು ಎತ್ತಿದಳು. ಅವಳ ಹಿಂದೆ ಅವಳ ಗಂಡ. ಅವನ ಹಿಂದೆ ಸೊಸೈಟಿಯಲ್ಲಿ ನೂಲಿಗೆ ಕಾಯುವವರೆಲ್ಲ. ನನಗಾಗಿ ಒಬ್ಬರೂ ಬರಲಿಲ್ಲ, ಅದು ನನಗೆ ಗೊತ್ತು. ಅಧ್ಯಕ್ಷರ ಕೈ ಒಳಗೆ ಸಿಕ್ಕಿಕೊಂಡಿದೆ ಎಂದು ಬಂದರು. ಆದರೆ ಪಾವು ಮೇಲೆ ಎದ್ದಿತು. ಕುಪ್ಪುಸ್ವಾಮಿಯ ಹೆಗಲು ಖಾಲಿಯಾಯಿತು. ನಾನು ಬೆನ್ನು ನೆಟ್ಟಗೆ ಮಾಡಿದೆ.

ಇಂದುಜಾ ಆ ತುದಿ ಮುಟ್ಟಿ ತಿರುಗಿ ಬರುತ್ತಿದ್ದಳು. ದಾರಿ ಬಿಡಲು ಯಾರಿಗೂ ಆಗುತ್ತಿರಲಿಲ್ಲ, ಎಲ್ಲರ ಕೈಯಲ್ಲೂ ಕೋಲು. ಅಧ್ಯಕ್ಷರ ಪಕ್ಕಕ್ಕೆ ಬಂದಾಗ ಅವರ ಮೊಣಕೈ ಅವಳಿಗೆ ತಗುಲಿತು. ಅವರು ಬೆಚ್ಚಿದರು. ಬೆರಳು ಮಾತ್ರ ನೂಲು ಬಿಡಲಿಲ್ಲ.

ನಾನು ಅವರ ಎದುರಿಗೆ ಹೋಗಿ ನಿಂತೆ. ಸೆರಗಿನಿಂದ ಮುಖದ ಗಂಜಿ ಒರೆಸಿಕೊಂಡೆ.

"ನನ್ ಪಾವ್ಗೆ ಕೈ ಆಕಿದ್ರಿ ಅಣ್ಣಾ. ನಾಳೆ ನಿಮ್ ಪಾವಲ್ವಾ? ನಾನು ಬತ್ತೀನಿ" ಎಂದೆ. "ಇವ್ಳೂ ಬತ್ತಾಳೆ."